ಕಾರಂಜಿ ಕೆರೆಯ ಗರುಡ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಹಾಗೆ ನೋಡಿದರೆ ಇವರ ಬಗ್ಗೆ ನಾನು ಬಾಯಿ ಬಿಡುವ ಹಾಗೇ ಇಲ್ಲ. ಆದರೂ ಮೊನ್ನೆ ನಜರ್‌ಬಾದಿನ ಅವರ ಮನೆ ಮುಂದೆ ಚಪ್ಪಲಿ ಬಿಟ್ಟು ನಿಂತಾಗಿನಿಂದ ತಲೆಯೊಳಗೆ ಅವರದೇ ಮಾತು. ಬದುಕಿದ್ದಾಗ ಆಡಿದ್ದು ಸಾಲದು ಅಂತ ಸತ್ತ ಮೇಲೂ ಆಡುತ್ತಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಹೆಸರಿನ ಆಸೆಗೆ ಆ ಮನುಷ್ಯ ಏನು ಮಾಡಿದರು ಅನ್ನುವುದು ಮುಂದೆ ಗೊತ್ತಾಗುತ್ತದೆ. ಈ ಒಂದು ಶಿಕ್ಷೆಯನ್ನಾದರೂ ಅವರಿಗೆ ನನ್ನ ಕೈಯಾರೆ ಕೊಡಬೇಕು.

ಕೆಳಗೆ ಫೋಟೋ ಸ್ಟುಡಿಯೊ, ಮೇಲೆ ಮನೆ, ಅದರ ಮೇಲೆ ತಾರಸಿ. ಅವರ ತಾತ ಅರಮನೆಯ ಕೆಲಸದಲ್ಲಿದ್ದವರಂತೆ. ಆ ಕೆಲಸ ಹೋಯಿತು, ಅರಮನೆಯ ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಯಾರನ್ನೇ ಆಗಲಿ ಬಹುವಚನದಲ್ಲೇ ಮಾತನಾಡಿಸುವರು. ಹಾಲಿನವನಿಗೂ ‘ತಾವು’, ಕೊರಿಯರ್ ಹುಡುಗನಿಗೂ ‘ತಾವು’. ಬೈಯುವುದೂ ಅದರಲ್ಲೇ. ಒಮ್ಮೆ ಬ್ಯಾಂಕಿನ ಅಧಿಕಾರಿಯೊಬ್ಬರು ಕುಕ್ಕರಹಳ್ಳಿ ಕೆರೆಯ ಫೋಟೋ ತಂದು, “ಹೇಗಿದೆ ಸಾರ್?” ಅಂದರು. ಇವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಕೆರೆ ಚೆನ್ನಾಗಿದೆ. ಮರಗಳು ಚೆನ್ನಾಗಿವೆ. ತಾವು ಅಲ್ಲಿಗೆ ಹೋಗಬಾರದಿತ್ತು.” ಆ ಅಧಿಕಾರಿ ಫೋಟೋ ಹಿಂದಕ್ಕೆ ತೆಗೆದುಕೊಂಡರು. “ಕ್ಯಾಮೆರಾ ಮಾರುವುದಾದರೆ ನನಗೆ ಹೇಳಿ, ಗಿರಾಕಿ ನೋಡ್ತೀನಿ” ಅಂತ ಸೇರಿಸಿ, ಇವರು ಕಾಫಿ ತರಿಸಿದರು. ಕಾಫಿ ತರಿಸದೆ ಯಾರ ಮಾನವನ್ನೂ ಕಳೆದವರಲ್ಲ.

ಮದುವೆ ಫೋಟೋ ಹೊಟ್ಟೆಪಾಡಿಗೆ. ಅವರ ನಿಜವಾದ ಕೆಲಸ ಆಕಾಶ. ಬಯಲು, ಕೆರೆ, ಬೆಟ್ಟ, ಗುಡಿ, ಏನೇ ಫೋಟೋ ಇರಲಿ, ಮೇಲಿನ ಆಕಾಶ ಸಪ್ಪಗಿದ್ದರೆ ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು ಬೇರೆ ಆಕಾಶ ಕೂರಿಸುವುದು. ಈಗ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆಗುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಅದು ದಿನಗಟ್ಟಲೆಯ ಕೆಲಸ. ಮೈಸೂರಿನ ಸುತ್ತ ಎಲ್ಲೇ ಹೊಸ ಲೇಔಟ್ ಬರಲಿ, ಬರೀ ಕಲ್ಲು ನೆಟ್ಟ ಒಣ ನೆಲದ ಫೋಟೋ ಇವರ ಹತ್ತಿರ ಬರುತ್ತಿತ್ತು. ಹೋಗುವಾಗ ಅದರ ಮೇಲೆ ನೀಲಿ ಆಕಾಶ, ಎರಡು ಹತ್ತಿಯಂಥ ಮೋಡ. ಅದಕ್ಕೆ ಅವರಿಟ್ಟ ಹೆಸರು ‘ಸೈಟಿನ ಆಕಾಶ’. ಮದುವೆಯ ಆಲ್ಬಮ್ಮಿಗೆ ಬೇರೆ, ರೆಸಾರ್ಟಿಗೆ ಬೇರೆ, ದೇವಸ್ಥಾನದ ಕ್ಯಾಲೆಂಡರಿಗೆ ಬೇರೆ. ಎಲ್ಲವೂ ಅವರೇ ತೆಗೆದವು. ಸಂಜೆಯಾದರೆ ತಾರಸಿಗೆ ಹೋಗಿ ನಿಲ್ಲುವರು. ಮಳೆಗೆ ಮೊದಲು ಮೋಡ ಕಟ್ಟಿದರೆ ಊಟ ಬಿಟ್ಟು ಓಡುವರು. “ಬೇರೆಯವರ ಆಕಾಶ ತಂದು ಹಾಕೋದು ಎಂಜಲು ಬಡಿಸಿದ ಹಾಗೆ” ಅನ್ನುವರು. ಅದೊಂದು ವಿಷಯದಲ್ಲಿ ಮಹಾ ಪ್ರಾಮಾಣಿಕರು. ಸುಳ್ಳನ್ನೂ ಸ್ವಂತ ದುಡಿಮೆಯಿಂದಲೇ ಮಾಡಬೇಕು.

ನನಗೆ ಕೊಟ್ಟ ಮೊದಲ ಕೆಲಸ ಒಂದು ಹೊಂಗೆ ಮರ. ಹಿಂದಿನ ಆಕಾಶ ತೆಗೆಯುವಾಗ ಎಲೆಗಳ ಸಂದಿಯಲ್ಲಿ ಹಳೆಯ ಬಿಳಿ ಉಳಿದುಬಿಡುತ್ತದೆ, ಒಗೆದ ಬಟ್ಟೆಯಲ್ಲಿ ಸೋಪಿನ ನೊರೆ ಉಳಿದ ಹಾಗೆ. ಅದನ್ನು ಎಲೆ ಎಲೆಯಾಗಿ ಬಿಡಿಸಬೇಕು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿದು, ಕುತ್ತಿಗೆ ಸೆಟೆದು, ನನಗೆ ಅಳುವೇ ಬಂತು. ಇವರು ಹಿಂದೆ ಬಂದು ನಿಂತರು. ಸಮಾಧಾನ ಮಾಡುತ್ತಾರೇನೋ ಅಂದುಕೊಂಡೆ. “ತಾವು ಅಳಬಹುದು. ಆದರೆ ಮೌಸ್ ಬಿಡಬಾರದು” ಅಂದರು. ಆಮೇಲೆ ನಾನು ಅವರ ಮುಂದೆ ಅತ್ತಿಲ್ಲ. ಕೆಲಸ ಕಲಿತೆ, ಅದನ್ನು ಒಪ್ಪಿಕೊಳ್ಳಬೇಕು. ನೆರಳು ಯಾವ ಕಡೆ ಬಿದ್ದಿದೆ, ಕೆರೆಯ ನೀರಿನಲ್ಲಿ ಯಾವ ಬಣ್ಣ ಇಳಿದಿದೆ, ಗೋಡೆಯ ಸುಣ್ಣದ ಮೇಲೆ ಬೆಳಕು ಬಿಸಿಯೋ ತಂಪೋ, ಇದೆಲ್ಲ ನೋಡಿ ಆಕಾಶ ಆರಿಸಬೇಕು ಅಂತ ತೋರಿಸಿಕೊಟ್ಟವರು ಅವರೇ. ಹೇಳಿಕೊಟ್ಟ ಪ್ರತಿ ಪಾಠಕ್ಕೂ ಒಂದೊಂದು ಬರೆ ಇದೆ, ಅಷ್ಟೆ. ಆದರೂ ಕೊನೆಗೆ ಆಕಾಶ ಕೂರಿಸುವ ಕೆಲಸ ಮಾತ್ರ ಯಾರಿಗೂ ಬಿಡಲಿಲ್ಲ. ನಾನು ಜಾಗ ಖಾಲಿ ಮಾಡಿಕೊಡಬೇಕು, ಅವರು ಬಂದು ತುಂಬಬೇಕು.

ಬಹುವಚನ ಸಿಗದೆ ಹೋದದ್ದು ಒಬ್ಬರಿಗೆ, ಅವರ ಹೆಂಡತಿಗೆ. ಪಾಪ, ಸಾಧು ಹೆಂಗಸು. ಮಕ್ಕಳಿಲ್ಲ. ಮಧ್ಯಾಹ್ನ ಮೆಟ್ಟಿಲಿಳಿದು ನಮಗೆಲ್ಲ ಕಾಫಿ ಕೊಟ್ಟು, ನನ್ನ ಪಕ್ಕ ಕೂತು ಫೋಟೋ ನೋಡುತ್ತಿದ್ದರು. ಒಮ್ಮೆ ಗಂಡ ಹೆಂಡತಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದರು. ಅಲ್ಲಿ ಮಂಜು ಮುಸುಕಿ, ಪಕ್ಕದವರ ಮುಖ ಕಾಣುತ್ತಿರಲಿಲ್ಲವಂತೆ. ವಾರಗಟ್ಟಲೆ ಆ ಮಂಜಿನ ಮಾತೇ. ಆ ಫೋಟೋ ದೊಡ್ಡದು ಮಾಡಿಸಿ ನಡುಮನೆಗೆ ಹಾಕಬೇಕೆಂದು ಆಸೆಪಟ್ಟರು. ಇವರು ಹಾಕಿದರು. ಮಂಜಿಲ್ಲ. ಹಸಿರು ಬೆಟ್ಟ, ಮೇಲೆ ತೊಳೆದಿಟ್ಟಂಥ ನೀಲಿ.

“ನಾವು ಹೋದಾಗ ಹೀಗಿರಲಿಲ್ಲ ಅಲ್ವಾ?” ಅಂದರು ಆಕೆ.

“ಹೀಗಿರಬೇಕಿತ್ತು” ಅಂದರು ಇವರು.

“ಮಂಜಿರತ್ತೆ ಅಂತ ತಾನೇ ಅಲ್ಲಿಗೆ ಹೋದದ್ದು?”

“ನಿನಗೇನು ಗೊತ್ತಾಗತ್ತೆ? ಹೋಗು, ಒಲೆ ಮೇಲೆ ಹಾಲಿಟ್ಟಿರ್ತೀಯ.”

ಹಾಲಿಟ್ಟಿರಲಿಲ್ಲ. ಆದರೂ ಆಕೆ ಎದ್ದು ಹೋದರು.

ಇಂಥವರೊಳಗೆ ಒಂದು ಹುಣ್ಣಿತ್ತು. ನನಗದು ನಿಧಾನಕ್ಕೆ ಗೊತ್ತಾಯಿತು. ಒಂದು ಸಲ ಪ್ರದರ್ಶನವೊಂದರಲ್ಲಿ ಇವರು ಆಕಾಶ ಬದಲಿಸಿದ ಫೋಟೋ ಮುಂದೆ ಜನ ನಿಂತು, “ಆಹಾ, ಆವತ್ತು ಏನು ವೆದರ್ ಸಿಕ್ಕಿದೆ ನೋಡ್ರೀ ಇವರಿಗೆ!” ಅಂತಿದ್ದರು. ಇವರು ವಾಪಸ್ ಬಂದು ಕುರ್ಚಿಯಲ್ಲಿ ಕೂತು, “ನಾನು ಕೆಟ್ಟದಾಗಿ ಮಾಡಿದರೆ ನನ್ನನ್ನು ಬೈತಾರೆ. ಚೆನ್ನಾಗಿ ಮಾಡಿದರೆ ಹವಾಮಾನವನ್ನ ಹೊಗಳ್ತಾರೆ” ಅಂದರು. ನನಗೆ ಅವರನ್ನು ನೋಡಿ ಅಯ್ಯೋ ಅನಿಸಿದ್ದು ಅದೊಂದೇ ಸಲ. ಆಮೇಲೆ ಫೋನುಗಳು ಬಂದವು. ಗಲ್ಲಿಗಲ್ಲಿಯ ಹುಡುಗರೆಲ್ಲ ಕೂತಲ್ಲೇ ಸೂರ್ಯಾಸ್ತ ಹಾಕಿ ಕಳಿಸತೊಡಗಿದರು. ಸ್ಟುಡಿಯೊಗೆ ಬರುವವರು ಕಡಿಮೆಯಾದಷ್ಟೂ ಇವರ ನಾಲಗೆ ಹರಿತವಾಯಿತು.

ಆ ಹೊತ್ತಿನಲ್ಲೇ ಬಂದವರು ಕಂಟ್ರಾಕ್ಟರ್ ನಿಂಗೇಗೌಡರು. ಕಡಕೊಳದಿಂದ ಒಳಗೆ ಹೋದರೆ ಸಿಗುವ ಹಳ್ಳಿಯವರು. ಮೈಸೂರಿನಲ್ಲಿ ಮನೆ ಕಟ್ಟಿಸುವ ಕೆಲಸ ಹಿಡಿದು ಮೇಲೆ ಬಂದವರು. ಅವರ ಅವ್ವ, ಊರಲ್ಲಿ ಬಿದ್ದುಹೋಗಿದ್ದ ನಾರಾಯಣಸ್ವಾಮಿ ಗುಡಿ ಎತ್ತಿ ನಿಲ್ಲಿಸು ಅಂತ ಮಗನ ಬೆನ್ನು ಹತ್ತಿದ್ದರು. ಮಗ ಕಟ್ಟಿಸಿದರು. ಕಟ್ಟುವಾಗ ಗರ್ಭಗುಡಿ ಸ್ವಲ್ಪ ಹಿಂದಕ್ಕೆ ಸರಿಯಿತು. ದೇವರನ್ನು ಅಲ್ಲಾಡಿಸಬಾರದು ಅಂತ ಊರಿನ ಕೆಲವರು ಗೊಣಗಿದರು. ಕುಂಭಾಭಿಷೇಕದ ದಿನ ದೊಡ್ಡ ಫೋಟೋ ತೆಗೆಯಲು ಇವರನ್ನು ಕರೆಸಿದ್ದರು, ನಾನೂ ಹೋಗಿದ್ದೆ. ಗುಡಿ, ಹಿಂದೆ ಕೆರೆ, ಗದ್ದೆ, ಎಲ್ಲ ಬರುವಂಥ ಚಿತ್ರ, ಮಂಟಪದ ಗೋಡೆಗೆ.

ಗೋಪುರದ ಕಳಶಕ್ಕೆ ನೀರು ಹುಯ್ಯುವಾಗ ಗರುಡ ಬಂದು ಮೇಲೆ ಸುತ್ತು ಹಾಕಬೇಕು. ಹಾಕಿದರೆ ದೇವರು ಒಪ್ಪಿದ ಅಂತ ಅರ್ಥ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆವತ್ತು ಬೆಳಗಿನಿಂದ ಬೂದಿ ಬಣ್ಣದ ಮೋಡ. ನೀರು ಹುಯ್ದರು, ಓಲಗ ಜೋರಾಯಿತು, ಇಡೀ ಊರು ಕುತ್ತಿಗೆ ಎತ್ತಿ ನಿಂತಿತು. ಕಾಗೆಗಳು ಹಾರಿದವು. ಅಷ್ಟೆ. ಓಲಗದವರು ಸುಮ್ಮನೆ ಊದುತ್ತಲೇ ಇದ್ದರು. ಕೊನೆಗೆ ಯಾರೋ “ಊಟಕ್ಕೇಳಿ” ಅಂದರು.

ಸ್ವಲ್ಪ ದಿನ ಬಿಟ್ಟು ಗೌಡರು ಸ್ಟುಡಿಯೊಗೆ ಬಂದು ಕೂತರು. ಎತ್ತರದ ಆಳು, ಕುರ್ಚಿಯಲ್ಲಿ ಕುಗ್ಗಿಹೋಗಿದ್ದರು.

“ಸಾ, ಊರಲ್ಲಿ ಗರುಡ ಬರ್ನಿಲ್ಲ, ದೇವ್ರು ಒಪ್ನಿಲ್ಲ ಅಂತ ಆಡ್ಕತಾವ್ರೆ. ನಂಗೇನಾರ ಅನ್ಲಿ ಬುಡಿ. ನಮ್ಮವ್ವ ಉಣ್ಣದೇ ಬುಟ್ಬುಟ್ಟವ್ಳೆ. ನನ್ನಿಂದ್ಲೇ ಸಾಮಿ ಮುನುಸ್ಕಂಡ, ಗುಡಿ ಕಟ್ಸು ಕಟ್ಸು ಅಂತ ನಾನೇ ಪ್ರಾಣ ತಿಂದೆ ಅಂತ ಒಂದೇ ಸಮ ಅಳ್ತಾವ್ಳೆ. ಒಂದ್ ತುತ್ತು ಒಳೀಕ್ ಹೋಗಕಿಲ್ಲ. ನೀವು ಆಕಾಸಾನೇ ಬದ್ಲಾಯಿಸ್ತೀರಂತೆ. ಒಂದ್ ಗರುಡ ಬರಂಗೆ ಮಾಡಕ್ಕಾಯ್ತದಾ?”

ಇವರ ಕಣ್ಣು ಹೊಳೆಯಿತು. “ತಾವು ದೇವರಿಗೇ ಮನೆ ಕಟ್ಟಿಕೊಟ್ಟವರು. ಒಂದು ಪಕ್ಷಿ ಕೊಡೋದು ನನಗೆ ಭಾರವೇ?” ಅಂದರು.

ಅವರಲ್ಲಿ ಒಂದು ಆಕಾಶವಿತ್ತು. ಯಾವತ್ತೂ ಯಾರಿಗೂ ಕೊಡದೆ ಕಾದಿಟ್ಟದ್ದು. ಕಾರಂಜಿ ಕೆರೆಯ ಏರಿಯ ಮೇಲೆ ಎಷ್ಟೋ ಬೆಳಗು ಕಾದು ತೆಗೆದಿದ್ದರಂತೆ. ಮೋಡ ಒಡೆದು ಬೆಳಕು ಇಳಿಯುತ್ತಿದೆ, ನಡುವೆ ರೆಕ್ಕೆ ಹರಡಿದ ಗರುಡ. ಬಿಳಿ ತಲೆ, ಇಟ್ಟಿಗೆಗೆಂಪು ಮೈ. ಅದನ್ನು ಗುಡಿಯ ಮೇಲೆ ಕೂರಿಸಿದರು. ವಾರವೆಲ್ಲ ಕೂತು ಗೋಪುರದ ಬಲಮಗ್ಗುಲಿಗೆ ಬೆಳಕು ತಂದರು, ಕೆರೆಯ ನೀರಿಗೆ ಅದೇ ಬಣ್ಣ ಇಳಿಸಿದರು, ಗದ್ದೆಯ ಮೇಲೆ ಹಕ್ಕಿಯ ಪುಟ್ಟ ನೆರಳನ್ನೂ ಬಿಡಲಿಲ್ಲ. ನಾನು ಆ ಕಸುಬಿನಲ್ಲೇ ಇರುವವಳು, ಅಂಥ ಕೆಲಸ ಮತ್ತೆ ಕಂಡಿಲ್ಲ. ನೋಡಿದಾಗ ನನಗೇ ಗೊತ್ತಿಲ್ಲದೆ ಕೈ ಮುಗಿದೆ.

ಗೌಡರು ಊರಲ್ಲಿ ಹೇಳಿದ್ದು ಇಷ್ಟೇ: ನಾವೆಲ್ಲ ಎಲೆ ಮುಂದೆ ಕೂತಿದ್ದಾಗ ಮೋಡ ಸರಿದು ಗರುಡ ಬಂದು ಹೋಗಿದೆ, ಕ್ಯಾಮೆರಾ ಒಂದೇ ನೋಡಿದೆ. ಅವರ ಅವ್ವ, ಆ ಅಜ್ಜಿ, ಫೋಟೋ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು, “ಸಾಮಿ ಮೇಲೆ ಬಂದು ನಿಂತವ್ನೆ, ನಾವು ಪಾಪಿಗೋಳು ಪಾಯಸ ಸುರೀತಾ ಕೂತಿದ್ವಿ” ಅಂತ ಅತ್ತು, ಅವತ್ತೇ ಸೊಸೆಗೆ ಅನ್ನ ಬಡಿಸು ಅಂದರಂತೆ. ಊರು ಬಾಯಿ ಮುಚ್ಚಿತು. ಫೋಟೋ ಮಂಟಪದ ಗೋಡೆಗೆ ಏರಿತು. ಗಾಜಿನ ಮೇಲೆ ಗರುಡನ ಜಾಗದಲ್ಲಿ ಕುಂಕುಮ ಹತ್ತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನಿವತ್ತು ಇವರನ್ನು ಹೊಗಳಿ ಬರೆಯುತ್ತಿದ್ದೆ.

ವರ್ಷ ತುಂಬಿದಾಗ ಗುಡಿಯ ಪೂಜೆಗೆ ಕರೆದರು. ಇವರು, ಇವರ ಹೆಂಡತಿ, ನಾನು, ಕಾರಿನಲ್ಲಿ ಹೋದೆವು. ಗೌಡರು ಶಾಲು ಹೊದಿಸಿ ಮಂಟಪದಲ್ಲಿ ಕುರ್ಚಿ ಹಾಕಿಸಿದರು, ಸರಿಯಾಗಿ ಆ ಫೋಟೋ ಎದುರಿಗೆ. ಅದೇ ತಪ್ಪಾಯಿತು. ಬಂದವರೆಲ್ಲ ಫೋಟೋಗೆ ಕೈಮುಗಿಯುವರು, ಗಲ್ಲ ಬಡಿದುಕೊಳ್ಳುವರು. ಒಬ್ಬರು ಇವರಿಗೇ ವಿವರಿಸಿದರು: “ನೋಡಿ ಸ್ವಾಮಿ, ದೇವ್ರ ಬೆಳಕು ಎಂಗೆ ಇಳ್ದದೆ!” ಇವರ ಹೆಂಡತಿ ಮೆಲ್ಲಗೆ, “ಪ್ರಸಾದ ತಗೊಂಡು ಹೊರಡೋಣ್ವಾ?” ಅಂದರು. ಕೇಳಿಸಿಕೊಳ್ಳಲಿಲ್ಲ.

ಅಜ್ಜಿ ದೊನ್ನೆಯಲ್ಲಿ ಸಿಹಿ ಪೊಂಗಲ್ ಹಿಡಿದು, ತಿನ್ನುತ್ತಾ ಹತ್ತಿರ ಬಂದರು. ಇವರು ಕೇಳಿದರು: “ತಾಯೀ, ಫೋಟೋದಲ್ಲಿ ಆಕಾಶ ಹೇಗಿದೆ?”

“ಆಕಾಸ ಏನ್ ಮಾಡ್ತದೆ ನನ್ನಪ್ಪ, ಅದು ಯಾವಾಗ್ಲೂ ಇರೋದೇ. ಗರುಡ ಬಂದ್ನಲ್ಲ, ಅದು.”

“ಫೋಟೋ ತೆಗೆದದ್ದು ನಾನು.”

“ಅಯ್, ನೀವು ಗುಂಡಿ ಒತ್ತುದ್ರಿ ಬುಡಿ. ತೋರ್ಸಿದ್ದು ಅವ್ನು!” ಅಜ್ಜಿ ಪ್ರೀತಿಯಿಂದ ನಕ್ಕು ಇವರ ಭುಜ ತಟ್ಟಿದರು.

ಇವರು ಎದ್ದು ನಿಂತರು. ಶಾಲು ಸರಿ ಮಾಡಿಕೊಂಡರು. ಧ್ವನಿ ಏರಿಸಲಿಲ್ಲ, ಆದರೆ ಮಂಟಪದಲ್ಲಿದ್ದವರಿಗೆಲ್ಲ ಕೇಳಿಸಿತು.

“ತಾವು ಹಿರಿಯರು. ತಮಗೆ ಸುಳ್ಳು ಹೇಳಬಾರದು. ಆವತ್ತು ಇಲ್ಲಿ ಕಾಗೆ ಬಿಟ್ಟರೆ ಇನ್ನೇನೂ ಹಾರಲಿಲ್ಲ. ಈ ಗರುಡ ಮೈಸೂರಿನ ಕಾರಂಜಿ ಕೆರೆಯದು, ತಮ್ಮ ಗುಡಿಗೆ ಪಾಯ ತೋಡೋಕೆ ಮೊದಲೇ ತೆಗೆದದ್ದು. ಆಕಾಶ ನನ್ನದು, ಬೆಳಕು ನನ್ನದು. ಇದರಲ್ಲಿ ತಮ್ಮ ದೇವರು ಮಾಡಿದ್ದು ಏನೂ ಇಲ್ಲ. ತಮ್ಮ ಮಗ ಬಂದು ಕೇಳಿಕೊಂಡರು, ಹಾಕಿಕೊಟ್ಟೆ.”

ಅಜ್ಜಿಗೆ ಅರ್ಥವಾಗಲಿಲ್ಲ. ಮಗನ ಕಡೆ ತಿರುಗಿ, “ಏನ್ಲಾ ಅಂತಾವ್ರೆ ಇವ್ರು?” ಅಂದರು.

ಗೌಡರು ನೆಲ ನೋಡಿದರು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆ ಹೊತ್ತಿಗೆ ಅವರ ಬಾಯಿಂದ ಅದು ಬರಲಿಲ್ಲ. ಅಜ್ಜಿ ಮಗನನ್ನು ನೋಡುತ್ತಾ ನೋಡುತ್ತಾ ಬಾಯಲ್ಲಿದ್ದ ತುತ್ತನ್ನು ಕೈಗೆ ಉಗುಳಿದರು. ದೊನ್ನೆಯನ್ನು ಕಂಬದ ಬುಡದಲ್ಲಿಟ್ಟರು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಮನೆ ಕಡೆ ಹೊರಟರು. ಹಿಂದೆ ಓಡಿದ ಮಗನಿಗೆ ಬೀದಿಯಲ್ಲೇ ಹೇಳಿದರು: “ಸಾಮಿ ಬರ್ನಿಲ್ಲ ಅನ್ನೋದ್ನ ಎಂಗೋ ತಡ್ಕತಿದ್ದೆ ಕಣ್ಲಾ. ನೀನು ತಂದ್ಯಲ್ಲ, ಅದ ತಡ್ಕಳಕಾಗಕಿಲ್ಲ. ನಿನ್ ಕೈ ನೀರು ಬ್ಯಾಡ ನಂಗೆ.”

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಇವರ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು. ಇವರು ಕಾರು ಓಡಿಸುತ್ತಾ ನನ್ನನ್ನು ಕೇಳಿದರು: “ಗೋಪುರದ ಬಲಮಗ್ಗುಲಿಗೆ ಬೆಳಕು ಹೇಗೆ ಕೂತಿದೆ! ಒಂದು ವರ್ಷದಲ್ಲಿ ಒಬ್ಬರಿಗಾದರೂ ಅದು ಕಂಡಿತ್ತಾ?”

ನನಗೆ ಮೈ ಉರಿದುಹೋಯಿತು. “ಆ ಮುದುಕಿ ಅನ್ನ ತಿಂತಿದ್ರು ಸಾರ್” ಅಂದೆ.

“ಅನ್ನ ಅಲ್ಲ. ನನ್ನ ಆಕಾಶ ತಿಂತಿದ್ದರು” ಅಂದರು.

ಆ ತಿಂಗಳೇ ಕೆಲಸ ಬಿಟ್ಟೆ. ಈಗ ರಾಮಕೃಷ್ಣನಗರದಲ್ಲಿ ನನ್ನದೇ ಸಣ್ಣ ಅಂಗಡಿ. ಅಜ್ಜಿ ಮಗನ ಮನೆಯಲ್ಲಿ ಮತ್ತೆ ಉಣ್ಣಲಿಲ್ಲ. ಬೇರೆ ಊರಿನ ಮಗಳ ಮನೆಗೆ ಹೋದರು, ಅಲ್ಲಿಯೂ ತುತ್ತು ಇಳಿಯಲಿಲ್ಲ, ಗೌರಿ ಹಬ್ಬದ ಹೊತ್ತಿಗೆ ತೀರಿಕೊಂಡರು. ಬಾಯಿಗೆ ನೀರು ಬಿಡಲು ಹೋದ ಮಗನನ್ನು ನೋಡಿ ಹಲ್ಲು ಕಚ್ಚಿದರಂತೆ. ಮಂಟಪದ ಫೋಟೋ ಇಳಿಸಿದರು. ಅದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದವರು ಇವರ ಹೆಂಡತಿ. “ಆ ಹೆಂಗಸಿನ ಶಾಪ ನಮ್ಮನ್ನ ಬಿಡತ್ತೇನೆ? ಕ್ಷಮಿಸು ಅಂತ ದಿನಾ ದೀಪ ಹಚ್ತೀನಿ. ಇವರು ಕೇಳಿದರೆ ಎಣ್ಣೆ ದಂಡ ಅಂತಾರೆ” ಅಂದರು. ಗೌಡರ ಮನೆಗೆ ಹೋಗಿ ಕಾಲಿಗೆ ಬೀಳೋಣ ಅಂದದ್ದಕ್ಕೆ ಇವರು, “ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿತ್ತಾ?” ಅಂದರಂತೆ. ಇರಲಿಲ್ಲ. ಜೀವಮಾನದಲ್ಲಿ ಆ ಮನುಷ್ಯ ಪೂರ್ತಿ ನಿಜ ಹೇಳಿದ್ದು ಅದೊಂದೇ ದಿನ.

ಮೊನ್ನೆ ಇವರ ಹೃದಯ ನಿಂತಿತು. ತಾರಸಿಯ ಮೆಟ್ಟಿಲ ಮೇಲೆ ಬಿದ್ದಿದ್ದರು. ನಾನು ಹೋದಾಗ ಮನೆ ಮುಂದೆ ಚಟ್ಟ ಕಟ್ಟಿ ಆಗಿತ್ತು. ಹತ್ತು ಜನ ಇರಲಿಲ್ಲ. ಕಾಫಿ ಕುಡಿದು ಮಾನ ಕಳೆದುಕೊಂಡು ಹೋದವರು ಯಾರೂ ಬಂದಿರಲಿಲ್ಲ. ಮೇಲೆ ಬೂದಿ ಬಣ್ಣದ ಮೋಡ, ಅವರು ಕಂಡರೆ ಕತ್ತರಿಸಿ ಬಿಸಾಡುತ್ತಿದ್ದಂಥದ್ದು. ಗೇಟಿನ ಹತ್ತಿರ ಹಾರ ಹಿಡಿದು ಒಬ್ಬರು ನಿಂತಿದ್ದರು. ನಿಂಗೇಗೌಡರು. ತಲೆ ಪೂರ್ತಿ ಬೆಳ್ಳಗಾಗಿತ್ತು.

ದೇಹ ಎತ್ತುವ ಹೊತ್ತಿಗೆ ಇವರ ಹೆಂಡತಿ ಯಾಕೋ ತಲೆ ಎತ್ತಿದರು. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. “ನೋಡೇ... ಗರುಡ!”

ನೋಡಿದೆ. ಮೃಗಾಲಯ ಹತ್ತಿರವಿರುವುದರಿಂದ ಅಲ್ಲಿ ಹದ್ದುಗಳು ಹಾರುವುದು ಹೊಸದಲ್ಲ. ಆದರೆ ಇದು ಹದ್ದಲ್ಲ. ಬಿಳಿ ತಲೆ, ಇಟ್ಟಿಗೆಗೆಂಪು ಮೈ. ಸರಿಯಾಗಿ ತಾರಸಿಯ ಮೇಲೆ, ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿತ್ತು. ಆಕೆಯ ಮುಖ ನಾನು ಅಷ್ಟು ವರ್ಷದಲ್ಲಿ ಕಾಣದ ಹಾಗೆ ಅರಳಿತು. ಅಷ್ಟು ದಿನ ಹಚ್ಚಿದ ದೀಪಕ್ಕೆ ಉತ್ತರ ಬಂದಿತ್ತು. ಕಣ್ಣೀರು ಒರೆಸಿಕೊಳ್ಳದೆ ಗೇಟಿನ ಕಡೆ ಓಡಿದರು.

“ಗೌಡ್ರೇ, ನೋಡಿ, ಬಂದಿದೆ! ಇವರಿಗೂ ಬಂದಿದೆ. ನಿಮ್ಮ ತಾಯಿ ಕ್ಷಮಿಸಿದಾರೆ ಕಣ್ರೀ, ದೇವರು ಕ್ಷಮಿಸಿದಾನೆ!”

ಗೌಡರು ತಲೆ ಎತ್ತಿದರು. ಗರುಡ ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ತಿರುಗುವವರೆಗೂ ನೋಡಿದರು. ಆಮೇಲೆ ಆಕೆಯನ್ನು ನೋಡಿ ಕೇಳಿದರು, ಕೋಪವೇನೂ ಇಲ್ಲದ ಧ್ವನಿಯಲ್ಲಿ:

“ಯಾರ್ ಕೈಲಿ ಹಾಕ್ಸುದ್ರವ್ವ?”

“ಅಯ್ಯೋ, ಇದು ನಿಜವಾದ್ದು ಗೌಡ್ರೇ! ನಿಮ್ಮ ಕಣ್ಣಾರೆ ನೋಡ್ತಿದೀರಲ್ಲ?”

“ನಮ್ಮವ್ವನೂ ಅಂಗೇ ಅಂದಿದ್ಲು” ಅಂದರು ಗೌಡರು. ಹಾರವನ್ನು ದೇಹದ ಕಾಲ ಮೇಲಿಟ್ಟು, ಕೈಮುಗಿದು, ಹೊರಟುಹೋದರು.

ಗರುಡ ಇನ್ನೂ ಅಲ್ಲೇ ಸುತ್ತುತ್ತಿತ್ತು. ಆಕೆ ಸೆರಗು ಹೊದ್ದುಕೊಂಡು ನನ್ನ ಪಕ್ಕಕ್ಕೆ ಬಂದು ನಿಂತರು. ಮತ್ತೆ ಮೇಲೆ ನೋಡಲಿಲ್ಲ.